ಕಿರುಬೆರಳೊಂದು ಬಿಟ್ಟು

ಇಲ್ಲದ ಕೈಯ ನೋವನ್ನು ಮಲಗಿಸುವ ನೂಲು ಬಂದ ಮೇಲೆ ದ್ರಾಕ್ಷಾಯಣಿಯ ಹೆಣಿಗೆ ಅಂಗಡಿ ಖಾಲಿ ಇದ್ದದ್ದೇ ಇಲ್ಲ. ತುಂಡಾದ ಕೈಗೆ ಹೊಲಿಗೆಯಿಲ್ಲದ ಮೆತ್ತನೆಯ ಗವಸು ಹೆಣೆಯುವ ಮೊದಲು ಅವಳು ಎಲ್ಲರನ್ನೂ ಕೇಳುವಂತೆ ನೀಲವ್ವನನ್ನೂ ಕೇಳಿದಳು.

“ಯಾವ ಬೆರಳು ನೋಯ್ತಾವ್ರಿ ಅಕ್ಕಾರ?”

“ಐದೂ ನೋಯ್ತಾವ. ಕಿರುಬೆರಳು ಮಾತ್ರ ಯಾರೋ ಹಿಡದು ಜಗ್ಗಿದಂಗ ಆಗ್ತದ.”

“ಐದನ್ನೂ ಮಲಗಿಸ್ತೀನಿ, ತಗೋರಿ.”

“ಕಿರುಬೆರಳು ಬಿಡ್ರಿ. ಬಸ್ಸು ನನ್ನ ಕೈನೂ ಮಗಳನ್ನೂ ಒಯ್ದಾಗ ಆಕಿ ಅದನ್ನ ಹಿಡಕೊಂಡಿದ್ಲು.”

“ನೋಯ್ತದಲ್ರಿ?”

“ನೋಯ್ಲಿ.”

ದ್ರಾಕ್ಷಾಯಣಿ ಗವಸಿನಲ್ಲಿ ಕಿರುಬೆರಳ ಕಡೆಯ ಅಂಚನ್ನು ಮಾತ್ರ ಮಾಮೂಲಿ ಹತ್ತಿನೂಲಿನಲ್ಲಿ ಹೆಣೆದುಕೊಟ್ಟಳು.

ಅದನ್ನು ತೊಟ್ಟು ಹೊರಟ ನೀಲವ್ವ ರಸ್ತೆ ದಾಟುವಾಗ ಆ ಕೈಯ ಕಡೆಗೆ ಕೊಂಚ ಬಾಗಿ, ಸಣ್ಣ ಸಣ್ಣ ಹೆಜ್ಜೆ ಇಟ್ಟಳು.