ಯಾರಿಗೂ ತಿಳಿಯದ ಸಾಲು

"ಅರ್ಥ ಆಗ್ತೈತಲ್ಲವ್ವಾ ಇದು!" ಶೇಖರ್ ಚೀಟಿಯನ್ನು ಹಿಂದಕ್ಕೆ ತಳ್ಳಿದ. "ಬ್ಯಾರೆ ಬರಿ."

ಚೈತ್ರಾ ಚೀಟಿ ತಿರುವಿ ಮತ್ತೆ ಪೆನ್ನು ಹಿಡಿದಳು. ಬಳ್ಳಾರಿಯಲ್ಲಿ ಶೇಖರನ ಜೀನ್ಸ್ ಕಾರ್ಖಾನೆಗೆ ಇಂಗ್ಲಿಷ್ ಬರೆಯುವವರು ಬೇಕಾಗಿದ್ದರು, ಜಾಕೆಟ್ಟಿನ ಬೆನ್ನ ಮೇಲೆ ಹಾಕುವ ಸಾಲುಗಳಿಗೆ. ಇಂಗ್ಲಿಷ್ ಎಂ.ಎ. ಮುಗಿಸಿ ಹಚ್ಚೊಳ್ಳಿಯಿಂದ ಬಂದ ಅವಳನ್ನು ಸಂದರ್ಶನಕ್ಕೆ ಕರೆದವನು ಇವನೊಬ್ಬನೇ. ಇದೂ ಕೈತಪ್ಪಿದರೆ ನಾಳೆಯಿಂದ ಕುರುಗೋಡಿನ ಸೋದರಮಾವನ ಖಾರದ ಗಿರಣಿ. ನೆನೆದರೇ ಸೀನು ಬರುತ್ತಿತ್ತು.

ಶೇಖರನ ಷರತ್ತು ಒಂದೇ: ಸಾಲು ಇಂಗ್ಲಿಷಿನಲ್ಲಿರಬೇಕು, ಯಾರಿಗೂ ತಿಳಿಯಬಾರದು. ಹಿಂದೊಮ್ಮೆ 'ನನ್ನ ಹಿಂದೆ ನಿಂತವರೆಲ್ಲ ಮೂರ್ಖರು' ಎಂಬ ಜಾಕೆಟ್ ತೊಟ್ಟವನೊಬ್ಬ ಸಿರುಗುಪ್ಪದ ಬಸ್ಸು ಹತ್ತಿದ್ದ. ಹಿಂದೆ ನಿಂತಿದ್ದವರು ಇಂಗ್ಲಿಷ್ ಮೇಷ್ಟ್ರು. ಕಪಾಳಕ್ಕೆ ಬಿಗಿದರು. ಮಾಲೆಲ್ಲ ವಾಪಸು ಬಂತು.

ಚೈತ್ರಾ ಚಂದ್ರನ ಮೇಲೊಂದು ಸಾಲು ಬರೆದಳು. ಶೇಖರ್ ಅದನ್ನು ಗುಂಡಿ ಹಚ್ಚುವ ಹೊನ್ನೂರಮ್ಮನಿಗೆ ಕೊಟ್ಟ. ಅವಳು ಕಣ್ಣಾಡಿಸಿ, "ಪಾಪ, ಚಂದ್ರಗೂ ಯಾರೂ ದಿಕ್ಕಿಲ್ಲಂತ" ಎಂದಳು.

ಸಾವಿನ ಮೇಲೆ ಬರೆದಳು.

"ಈ ವಯಸ್ಸಿನಾಗ ಸಾಯೋ ಮಾತ್ಯಾಕ ತಂಗಿ?"

ಗುಂಡಿ ಹಚ್ಚುವವಳಿಗೂ ತಿಳಿಯುವ ಇಂಗ್ಲಿಷ್ ಕಲಿಯಲು ಎಂ.ಎ. ಮಾಡಬೇಕಿತ್ತೇ? ಚೈತ್ರಾಗೆ ಅಳುವೇ ಬಂತು. ಸಿಟ್ಟಿನಲ್ಲಿ ತನ್ನ ಎಂ.ಎ. ಪ್ರಬಂಧದ ಮೊದಲ ವಾಕ್ಯವನ್ನೇ ಗೀಚಿ ಕೊಟ್ಟಳು. ಅದನ್ನು ಓದಿ ಪ್ರೊಫೆಸರು ಭೇಷ್ ಎಂದಿದ್ದರು.

ಹೊನ್ನೂರಮ್ಮ ಓದಿದಳು. ಮತ್ತೆ ಓದಿದಳು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು. "ಏನೂ ತಿಳೀವಲ್ದು ಸಾರ್."

ಶೇಖರ್ ಕುಣಿದಾಡಿಬಿಟ್ಟ. "ಇಂಥವು ಇನ್ನೂ ಅದಾವೇನವ್ವಾ?"

"ಎಂಬತ್ತು ಪುಟ ಅದಾವ್ರಿ!"

"ನಾಳಿಂದನ ಬಾ!"

ಖಾರದ ಗಿರಣಿ ತಪ್ಪಿತು. ಬರೆದೇ ಬದುಕುತ್ತೇನೆಂದು ಊರಲ್ಲಿ ಹೇಳಿ ನಗಿಸಿಕೊಂಡಿದ್ದವಳಿಗೆ ಈಗ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅವ್ವನಿಗೆ ಫೋನ್ ಹಚ್ಚುತ್ತ ಬಾಗಿಲ ಕಡೆ ಹೊರಟಳು.

ಹೊನ್ನೂರಮ್ಮ ಅವಳ ಕೈ ಹಿಡಿದು ನಿಲ್ಲಿಸಿದಳು. ಪಕ್ಕದ ಖಾಲಿ ಸ್ಟೂಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಎಂಬತ್ತು ಪುಟ ಒಂದು ವರ್ಷ ಬರ್ತಾವ ತಂಗಿ. ನನ್ನ ಎಂ.ಎ. ಪ್ರಬಂಧನೂ ಅಷ್ಟ ಇತ್ತು; ಅದರ ಸಾಲೆಲ್ಲ ಜಾಕೆಟ್ಟಿಗೆ ತೀರಿದ ಮ್ಯಾಲೆನ ನನ್ನ ಇಲ್ಲಿ ಗುಂಡಿ ಹಚ್ಚಾಕ ಕುಂದ್ರಿಸಿದ್ರು."