ಬೆರಳಿಗೆ ಹತ್ತಿದ ಕೆಂಪು

ಬಾಣಂತಿಯ ಮನೆಯಲ್ಲಿ ಬಜೆ ತೇಯುವ ವಾಸನೆ ಬಂದರೆ ಈಗಲೂ ನನ್ನ ಬಲಗೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ.

ಅದು ಶ್ರುತಪಂಚಮಿಯ, ಜೈನರು ಶಾಸ್ತ್ರಗಳನ್ನು ಪೂಜಿಸುವ ಹಬ್ಬದ, ಮಧ್ಯಾಹ್ನ. ರಂಗಂಪೇಟೆಯ ನಮ್ಮ ಮನೆಯಲ್ಲಿ ಅಂದು ಹಳೆಯ ಶಾಸ್ತ್ರದ ಹಾಳೆಗಳನ್ನು ಬಿಚ್ಚಿ, ಹುಳ ಹತ್ತದಂತೆ ಬಜೆಯ ಬೇರಿಟ್ಟು, ಹೊಸ ಬಟ್ಟೆಯಲ್ಲಿ ಕಟ್ಟುತ್ತಿದ್ದರು. ನರಕದ ಚಿತ್ರವಿದ್ದ ಹಾಳೆ ಬಂದಾಗ ಅಜ್ಜಿ ನನ್ನನ್ನು ಹತ್ತಿರ ಕರೆದಳು.

“ನೋಡ್ ತಮ್ಮಾ, ಸುಳ್ಳ ಹೇಳಿದವರ ನಾಲಿಗಿ ಹಿಂಗ ಜಗ್ಗತಾರ.”

ಆ ಹಳೆಯ ಚಿತ್ರಗಳ ರೀತಿಯಂತೆ ಕೆನ್ನೆಯಾಚೆ ಚಾಚಿದ ಕಣ್ಣಿನ ಮನುಷ್ಯ, ಅವನ ಉದ್ದನೆಯ ಕೆಂಪು ನಾಲಿಗೆ. ಇಕ್ಕಳವೂ ಇತ್ತೋ, ದೊಡ್ಡವನಾದ ಮೇಲೆ ವಿಶ್ವವಿದ್ಯಾಲಯದಲ್ಲಿ ನೋಡಿದ ಬೇರೆ ಚಿತ್ರದಿಂದ ನಾನೇ ಸೇರಿಸಿಕೊಂಡೆನೋ, ಹೇಳಲಾರೆ.

ಅಜ್ಜಿ ಬಟ್ಟೆ ತರಲು ಒಳಗೆ ಹೋದಾಗ, ಶಾಲೆಯ ಪುಸ್ತಕ ತಿರುವುವಂತೆ ಬೆರಳಿಗೆ ಎಂಜಲು ಹಚ್ಚಿ ಆ ಹಾಳೆ ಎತ್ತಿದೆ. ಶಾಸ್ತ್ರಕ್ಕೆ ಎಂಜಲು ಸೋಕಿದರೆ ಮಹಾಪಾಪವೆಂದು ಗೊತ್ತಿದ್ದೂ ಮರೆತಿದ್ದೆ. ಚಿತ್ರದ ನಾಲಿಗೆ ಕದಡಿ, ಅದರ ಕೆಂಪು ನನ್ನ ಬೆರಳಿಗೆ ಬಂದಿತ್ತು. ಕೈಯನ್ನು ಬೆನ್ನ ಹಿಂದೆ ಅಡಗಿಸಿದೆ.

ಅಜ್ಜಿ ಬಂದವಳು ಹಾಳೆ ನೋಡಿದಳು, ನನ್ನ ಮುಖ ನೋಡಿದಳು. ಕೈ ಹಿಡಿದೆಳೆದು ಸೆರಗಿನಿಂದ ಬೆರಳು ತಿಕ್ಕಿದಳು. ಅಷ್ಟರಲ್ಲಿ ಅಜ್ಜ ಬಂದ.

“ಯಾರ್ ಕೆಡಿಸಿದ್ರು ಇದನ್ನ?”

“ನನ್ನ ಕೈ ಬೆವತಿತ್ರಿ. ಮುಟ್ಟಿದ ಕೂಡ್ಲೆ ಬಣ್ಣ ಬಿಟ್ತು,” ಎಂದಳು ಅಜ್ಜಿ.

“ಇಷ್ಟ ವರ್ಷ ಕಟ್ಟೀದಿ, ಇವತ್ತ ಬೆವರ ಬಂತೇನ್ ನಿನಗ?”

“ವಯಸ್ಸಾತಲ್ರಿ. ಬೆವರೂ ಹೇಳಿದ್ದ ಕೇಳೂದಿಲ್ಲ.”

ಅಜ್ಜ ನಕ್ಕುಬಿಟ್ಟ. ನಾನು ಮಾತ್ರ ಚಿತ್ರದ ನಾಲಿಗೆಯನ್ನೇ ನೋಡುತ್ತಿದ್ದೆ. ಸಂಜೆಯವರೆಗೂ ಏನಾದರೊಂದು ನೆವ ತೆಗೆದು ಅಜ್ಜಿಯನ್ನು ಮಾತಾಡಿಸಿದೆ. ಅವಳು ಬಾಯಿ ತೆರೆದಾಗಲೆಲ್ಲ ನಾಲಿಗೆ ಇನ್ನೂ ಇದೆಯೇ ಎಂದು ನೋಡಿಕೊಂಡೆ.