ಹೊಸ ಗಿರಾಕಿಗಳು

ಮಹಾನಂದಾಳ ಆನ್‌ಲೈನ್ ಖಣದ ಬಟ್ಟೆಯ ಅಂಗಡಿಯಲ್ಲಿ ವ್ಯಾಪಾರ ನಿಂತೇಹೋಗಿತ್ತು. ತೀರಿಕೊಂಡ ಗಂಡನ ಮಗ್ಗವನ್ನೂ ಮಾರುವ ಮಾತು ನಡೆದಿತ್ತು. ಕಡೆಯ ಪ್ರಯತ್ನವೆಂದು, ವೆಬ್‌ಸೈಟ್ ನೋಡಿಕೊಳ್ಳುವ ಇಮಾಮ್ ಎರಡು ಮುಖಪುಟ ಮಾಡಿದ. ಒಂದರಲ್ಲಿ ಖಣದ ಕುಬಸ ತೊಟ್ಟ ಹುಡುಗಿ, ಇನ್ನೊಂದರಲ್ಲಿ ಮಹಾನಂದಾಳ ಗಂಡ ನೇಯುತ್ತ ಮಾತಾಡುವ ಹಳೆಯ ವಿಡಿಯೊ. ಹೊಸದಾಗಿ ಬಂದವರಿಗೆ ಚೀಟಿ ಎತ್ತಿದ ಹಾಗೆ ಎರಡರಲ್ಲೊಂದು ಕಾಣುತ್ತಿತ್ತು; ಮತ್ತೆ ಬಂದರೆ ಅದೇ. ಅವರ ಗುರುತನ್ನು ಅವರ ಫೋನಿನಲ್ಲೇ ಕುಕಿ ಎಂಬ ಪುಟ್ಟ ಕಡತ ಇಟ್ಟುಕೊಳ್ಳುತ್ತಿತ್ತು. ಪುಟ ಮುಚ್ಚಿದೊಡನೆ ಕುಕಿ ಅಳಿಸಿಹಾಕುವ ಫೋನಾದರೆ ಹಳಬರೂ ಪ್ರತಿ ಸಲ ಹೊಸಬರೇ.

“ಅಕ್ಕಾರ, ದಿನಾ ಹೊಸ ಮಂದಿ ಬರಾಕತ್ತಾರ!” ಎಂದು ಇಮಾಮ್ ಫೋನ್ ಮಾಡಿದ. “ಹುಡಿಗಿ ಕಂಡ್ರ ಪಟ್ಟನ ಮುಚ್ಚತಾರ. ಅಣ್ಣಾರ ವಿಡಿಯೊ ಮಾತ್ರ ಪೂರಾ ನೋಡ್ತಾರ್ರಿ. ಕೊಳ್ಳೂದೊಂದ ಬಾಕಿ.”

“ಇವತ್ತಲ್ಲ ನಾಳೆ ಕೊಳ್ತಾರ ಬಿಡಪಾ,” ಎಂದಳು ಮಹಾನಂದಾ. ಮಗ್ಗ ಒಯ್ಯಲು ಬಂದವರನ್ನು ಬಾಗಿಲಿನಿಂದಲೇ ವಾಪಸು ಕಳಿಸಿ, ಕಣ್ಣೊರೆಸಿಕೊಂಡು ಅತ್ತೆಯ ಕೋಣೆಗೆ ಓಡಿದಳು.

“ಅತ್ತಿ, ನಿಮ್ಮ ಮಗನ್ನ ನೋಡಾಕ ಎಷ್ಟ ಮಂದಿ ಬರ್ತಾರ ಗೊತ್ತೇನ್ರಿ?”

ಅತ್ತೆ ಮೊಬೈಲಿನಿಂದ ತಲೆ ಎತ್ತಲಿಲ್ಲ.

“ತಡಿಯವ್ವಾ, ಮತ್ತ ಆ ಹುಡಿಗೀನ ಬಂದ್ಲು. ದಿನಾ ಹಿಂಗ ಮುಚ್ಚಿ ಮುಚ್ಚಿ ತಗೀತೀನಿ, ನನ್ನ ಮಗ ಬರೂತನಾ.”